ಅಲಮೇಲಮ್ಮನ ಶಾಪ ಸುಳ್ಳಾ?

‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.’

ಮೈಸೂರು ಸೀಮೆಯವರಾದರೆ ಈ ಮಾತನ್ನು ಅಜ್ಜಿಯ ಪಕ್ಕ ಮಲಗಿಕೊಂಡೇ ಕೇಳಿರುತ್ತೀರಿ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯ ಜಾಗ ಬಿಟ್ಟು ಹೋದ. ಇಷ್ಟು ಚರಿತ್ರೆ. ಮುಂದಿನದು ಜನ ಹೇಳಿಕೊಂಡು ಬಂದದ್ದು. ಅವನ ಹೆಂಡತಿ ಅಲಮೇಲಮ್ಮನ ಒಡವೆಗಳನ್ನು ರಂಗನಾಯಕಿ ಅಮ್ಮನವರಿಗೆ ಶುಕ್ರವಾರ ತೊಡಿಸುತ್ತಿದ್ದರಂತೆ. ಅವನ್ನು ಕೊಟ್ಟುಬಿಡು ಅಂತ ಒಡೆಯರ ಕಡೆಯವರು ಬಂದರು. ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟಳು. ಉಳಿದದ್ದನ್ನು ಮಡಿಲಿಗೆ ಕಟ್ಟಿಕೊಂಡು, ಶಾಪ ಹಾಕಿ, ಕಾವೇರಿಗೆ ಹಾರಿದಳು.

ನಮ್ಮಲ್ಲಿ ‘ಮಿಥ್’ ಅಂದ ಕೂಡಲೇ ಕಿವಿಗೆ ‘ಮಿಥ್ಯೆ’ ಅಂತಲೇ ಕೇಳಿಸುತ್ತದೆ. ಸುಳ್ಳು, ಕಟ್ಟುಕಥೆ, ಮುಗೀತು. ಸರಿ, ಸುಳ್ಳೇ ಅಂತ ಇಟ್ಟುಕೊಳ್ಳೋಣ. ತಲಕಾಡಿನ ಮರಳಿಗೆ ಕಾರಣ ಬೇರೆಯೇ ಇದೆ. 14ನೇ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿ ಮೇಲ್ಗಡೆ ಕಾವೇರಿಗೆ ಅಣೆಕಟ್ಟೆ ಕಟ್ಟಿಸಿದ. ಕೆಳಗೆ ನೀರು ಕಡಿಮೆಯಾಯಿತು, ನದಿಯ ಮರಳು ಬಯಲಾಯಿತು. ಅದನ್ನು ಗಾಳಿ ಹೊತ್ತು ತಂದು ಊರ ಮೇಲೆ ಸುರಿಯಿತು. ಗಂಗರ ರಾಜಧಾನಿಯಾಗಿದ್ದ ಊರಿನ ಗುಡಿಗಳು ಹಾಗೆ ಹೂತುಹೋದವು ಅಂತ ತಿಳಿದವರು ವಿವರಿಸುತ್ತಾರೆ. ನನಗೆ ಇದು ಪೂರ್ತಿ ಒಪ್ಪಿಗೆ.

ಮಕ್ಕಳ ವಿಷಯವೂ ಅಷ್ಟೇ. ಹತ್ತನೇ ಚಾಮರಾಜ ಒಡೆಯರು ದತ್ತು ಬಂದವರು ನಿಜ, ಆದರೆ ಅವರಿಗೆ ಗಂಡುಮಕ್ಕಳಿದ್ದರು. ಜಯಚಾಮರಾಜ ಒಡೆಯರಿಗೂ ಮಗ ಹುಟ್ಟಿದರು. ಲೆಕ್ಕ ತಪ್ಪಿದಾಗ ಜನ ಏನು ಮಾಡಿದರು ಗೊತ್ತಾ? ‘ಒಂದು ತಲೆಮಾರು ಬಿಟ್ಟು ಒಂದು ತಲೆಮಾರು’ ಅಂತ ಶಾಪವನ್ನೇ ತಿದ್ದಿಕೊಂಡರು. 2017ರಲ್ಲಿ ಯದುವೀರರಿಗೆ ಮಗ ಹುಟ್ಟಿದಾಗ ‘ಶಾಪ ವಿಮೋಚನೆ’ ಅಂತ ಟಿವಿಯಲ್ಲಿ ದಿನವಿಡೀ ಓಡಿತು. ಪಾಪ, ಆ ಮಗುವಿಗೆ ಏನು ಗೊತ್ತು!

ಆದರೆ ಗಾಳಿ, ಅಣೆಕಟ್ಟೆ ಅಂತ ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಮರಳಿಗೆ ಜನ ಒಬ್ಬ ಹೆಂಗಸಿನ ಹೆಸರು ಯಾಕೆ ಇಟ್ಟರು? ಗೆದ್ದವರಿಗೆ ಆಸ್ಥಾನ ಕವಿಗಳಿದ್ದರು, ಶಾಸನಗಳಿದ್ದವು, ಅದೇ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರುವಾದ ದಸರಾ ಇತ್ತು. ಸೋತ ಮನೆಯ ಹೆಂಗಸಿನ ಪರವಾಗಿ ಬರೆಯುವವರು ಯಾರು? ಯಾರೂ ಇಲ್ಲ. ಅವಳ ದೂರನ್ನು ನಾನೂರು ವರ್ಷ ಬಾಯಿಂದ ಬಾಯಿಗೆ ದಾಟಿಸಿದ್ದು ಈ ಕಥೆ. ದೊರೆ ಗೆದ್ದ, ಆದರೆ ಮಾಡಿದ್ದು ಸರಿಯಲ್ಲ ಅಂತ ದೊರೆಯ ಊರಿನವರೇ ಹೇಳಿಕೊಂಡು ಬಂದ ತೀರ್ಪು ಅದು. ಅರಮನೆಯೂ ಇದನ್ನು ಅಲ್ಲಗಳೆಯಲಿಲ್ಲ ನೋಡಿ. ಅಲಮೇಲಮ್ಮನ ಮೂರ್ತಿ ಮಾಡಿಸಿ ಪೂಜೆ ಮಾಡಿಕೊಂಡು ಬಂದಿದೆ. ತನ್ನ ಮೇಲಿನ ದೂರನ್ನೇ ದೇವರ ಮನೆಯಲ್ಲಿ ಇಟ್ಟುಕೊಂಡ ರಾಜಮನೆತನ ಎಷ್ಟಿರಬಹುದು? ಭಯಕ್ಕೋ ಪಶ್ಚಾತ್ತಾಪಕ್ಕೋ, ಎರಡೂ ಇರಬಹುದು.

ಹಾಗಾಗಿ ‘ಇದು ನಡೆದದ್ದಾ?’ ಅಂತ ಜಗಳಕ್ಕೆ ಬರುವವರ ಜೊತೆ ನನಗೆ ಜಾಸ್ತಿ ಮಾತಿಲ್ಲ. ಶಾಪ ನಿಜ ಅಂತ ಹೊಡೆದಾಡುವವರ ಜೊತೆಗೂ ಅಷ್ಟೇ. ಇಬ್ಬರೂ ಆಕೆಯನ್ನು ಬಿಟ್ಟು ಮರಳಿನ ಬಗ್ಗೆ ಮಾತಾಡುತ್ತಾರೆ.

ಮೊನ್ನೆಯಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಇದೇ ಕಾವೇರಿಗೆ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಊರುಗಳು ಮುಳುಗಿದವು. ಮುಳುಗಿದ ಗುಡಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಹೊಲ ಮನೆ ಬಿಟ್ಟು ಎದ್ದು ಹೋದ ಹೆಂಗಸರು ಹೊರಡುವಾಗ ಏನಂದರು? ಯಾರನ್ನು ಬೈದರು? ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಅಂಥ ಒಂದು ಮಾತಾದರೂ ಉಳಿದಿದ್ದರೆ, ಕೆಳಗೆ ಬರೆಯಿರಿ. ಅರ್ಧಂಬರ್ಧ ನೆನಪಿದ್ದರೂ ಪರವಾಗಿಲ್ಲ.