ಒಂದೇ ದಿನ ಎರಡು ಉತ್ತರ: ಹವ್ಯಾಸದ ಆ್ಯಪ್ ಕೆಲಸವಾದಾಗ

ನಮಸ್ಕಾರ. ಹೋದ ವಾರ ನಮ್ಮ ವೀಕ್ಷಕರೊಬ್ಬರು ಕೇಳಿದ್ದರು: "ಸರ್, ರಾತ್ರಿ ಹೊತ್ತು ಸುಮ್ನೆ ಖುಷಿಗೆ ಆ್ಯಪ್ ಮಾಡ್ತೀನಿ. ಇದನ್ನೇ ಕೆಲಸ ಮಾಡ್ಕೋಬಹುದಾ?"

ಕೋಡಿಂಗ್ ಎರಡಕ್ಕೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಹುಡುಕುತ್ತಾ ಹೋಗಿ ವರ್ಡಲ್ ಹತ್ತಿರ ನಿಂತೆ. ಅದು ಬ್ರೌಸರ್ ಆಟ, ಆದರೂ ನಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುತ್ತದೆ.

[ಸ್ಕ್ರೀನ್: ಹಸಿರು, ಹಳದಿ, ಬೂದು ಚೌಕಗಳು]

ಐದಕ್ಷರದ ಇಂಗ್ಲಿಷ್ ಪದ, ಆರು ಅವಕಾಶ, ದಿನಕ್ಕೊಂದೇ ಆಟ. ಜೋಶ್ ವಾರ್ಡಲ್ ಎಂಬ ಇಂಜಿನಿಯರ್ ತನ್ನ ಸಂಗಾತಿಗಾಗಿ ಮಾಡಿದ್ದು. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳಲ್ಲಿ 3 ಲಕ್ಷ!

ಒಬ್ಬರೇ ಹೇಗೆ ನಿಭಾಯಿಸಿದರು? ನನಗೆ ತುಂಬಾ ಇಷ್ಟವಾದದ್ದು ಇದೇ. ಆಗ ಲಾಗಿನ್ ಇರಲಿಲ್ಲ. ಮುಂದಿನ ಕೆಲವು ವರ್ಷಗಳ ಉತ್ತರಗಳೆಲ್ಲ ಆ ಪುಟದ ಕೋಡ್ ಒಳಗೇ ಇದ್ದವು! ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರ್ ನೋಡಿದ್ದೀರಲ್ವಾ? ವರ್ಷದ ಹಾಳೆಗಳೆಲ್ಲ ಮೊದಲೇ ಮನೆಗೆ ಬಂದಿರುತ್ತವೆ. ಮೆಲ್ಲಗೆ ಎತ್ತಿ ನಾಳೆಯದ್ದನ್ನು ಇವತ್ತೇ ನೋಡಬಹುದು. ವರ್ಡಲ್ ಕೋಡ್ ತೆರೆದು ನೋಡಿದವರಿಗೂ ನಾಳೆಯ ಪದ ಹಾಗೇ ಸಿಗುತ್ತಿತ್ತು. ಸಿಕ್ಕರೆ ಸಿಗಲಿ ಬಿಡಿ. ಮನೆಯವರಿಗಾಗಿ ಮಾಡಿದ ಆಟ. ಎಷ್ಟು ಸರಳ, ಎಷ್ಟು ಜಾಣತನ!

2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಆಟವನ್ನು ಕೊಂಡುಕೊಂಡಿತು. ಪಟ್ಟಿಯಿಂದ ಕೆಲವು ಪದಗಳನ್ನು ತೆಗೆಯಿತು. ಅಂದರೆ ಹೊಸ ಕ್ಯಾಲೆಂಡರ್ ಅಚ್ಚಾಯಿತು. ಆದರೆ ಪುಟವನ್ನು ರಿಫ್ರೆಶ್ ಮಾಡದವರ ಗೋಡೆ ಮೇಲೆ ಹಳೆಯದೇ ನೇತಾಡುತ್ತಿತ್ತು.

[ಸ್ಕ್ರೀನ್: 2022 ಫೆಬ್ರವರಿ 15]

ಹಳೆ ಪುಟದಲ್ಲಿ ಉತ್ತರ 'ಅಗೋರಾ'. ಹೊಸದರಲ್ಲಿ 'ಅರೋಮಾ'. ಜಗತ್ತೆಲ್ಲ ಒಂದೇ ಪದ ಹುಡುಕುವುದೇ ಆ ಆಟದ ಮಜಾ, ಅದೇ ಕೈಕೊಟ್ಟಿತು.

ಮನೆಯವರಷ್ಟೇ ಆಡುತ್ತಿದ್ದರೆ "ಒಂದ್ಸಲ ರಿಫ್ರೆಶ್ ಮಾಡು" ಅಂದರೆ ಮುಗಿಯುತ್ತಿತ್ತು. ಕೆಲಸವಾದ ಮೇಲೆ ಪ್ರತಿಯೊಬ್ಬರ ಹಳೆ ಪುಟವೂ ನಿಮ್ಮ ತಲೆನೋವು. ಹವ್ಯಾಸಿಗೆ ನಿಲ್ಲಿಸುವ ಸ್ವಾತಂತ್ರ್ಯವೂ ಇದೆ. ವಿಯೆಟ್ನಾಂನ ಡಾಂಗ್ ನ್ಯುಯೆನ್ ತಮ್ಮ ಫ್ಲಾಪಿ ಬರ್ಡ್ ಎಂಬ ಮೊಬೈಲ್ ಆಟ ಜೋರಾಗಿ ಓಡುತ್ತಿದ್ದಾಗಲೇ, 2014ರ ಫೆಬ್ರವರಿಯಲ್ಲಿ, ಅದನ್ನು ಸ್ಟೋರ್‌ನಿಂದ ತೆಗೆದುಬಿಟ್ಟರು. ಸಂಬಳಕ್ಕೆ ದುಡಿಯುವವರಿಗೆ ಇದು ಸಾಧ್ಯವಾ? ಇದನ್ನು ಯೋಚಿಸದೆ ಕೆಲಸ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಸಮಯ ಆಯ್ತು, ಉಳಿದದ್ದು ಬೇಗ ಬೇಗ. ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕುವ ಖಾತೆಗೆ ಒಂದೇ ಸಲ 25 ಡಾಲರ್. ಆ್ಯಪಲ್‌ಗೆ ಪ್ರತಿ ವರ್ಷ 99. ಪ್ಲೇ ಸ್ಟೋರ್‌ನಲ್ಲಿ ಹೊಸ ವೈಯಕ್ತಿಕ ಖಾತೆಯಾದರೆ, ಆ್ಯಪ್ ಬಿಡುಗಡೆ ಮಾಡುವ ಮೊದಲು 12 ಟೆಸ್ಟರ್‌ಗಳು, ಅಂದರೆ ಅದನ್ನು ಬಳಸಿ ಪರೀಕ್ಷಿಸುವವರು, 14 ದಿನ ಬಿಡದೆ ಜೊತೆಗಿರಬೇಕು.

ಪ್ರಶ್ನೆ ಕೇಳಿದವರೇ, 11 ಜನರನ್ನು ಹುಡುಕಿ. ಹನ್ನೆರಡನೆಯವನು ನಾನು.