ಗ್ಯಾಸ್ ಎಲ್ಲಿಗೆ ಹೋಯಿತು? ಒಂದು ಪುಟ್ಟ ಕಂಪನಿಯ ಕಾರ್ಬನ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಹತ್ತು ಗಂಟೆಗೆ ಸಭೆ ಅಂದರೆ ಹತ್ತೂವರೆಗೆ ಅರ್ಧ ಕುರ್ಚಿ ತುಂಬುತ್ತವೆ. ಇವತ್ತು ಮುಕ್ಕಾಲು ತುಂಬಿವೆ, ಸಂತೋಷ. ಬರುವಾಗ ಹೋದ ವರ್ಷದ ಕರೆಂಟ್ ಬಿಲ್, ಡೀಸೆಲ್ ಚೀಟಿ, ರಿಪೇರಿ ಬಿಲ್ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೆ. ಕೆಲವರ ಕಾಲ ಬಳಿ ಚೀಲ ಕಾಣುತ್ತಿದೆ. ಅದು ಹಾಗೇ ಇರಲಿ, ಆಮೇಲೆ ಬಿಚ್ಚೋಣ.

ನಮ್ಮದು ಟೊಮೆಟೊ ಒಣಗಿಸಿ ಪುಡಿ ಮಾಡುವ ಸಣ್ಣ ಕಂಪನಿ. ಶುರುವಾಗಿ ನಾಲ್ಕು ವರ್ಷ, ಹನ್ನೊಂದು ಜನ ಇದ್ದೇವೆ. ಎಪಿಎಂಸಿಯಲ್ಲಿ ರೇಟು ಬಿದ್ದ ದಿನ 15 ಕೆ.ಜಿ. ಬಾಕ್ಸಿನ ಗತಿ ಏನಾಗುತ್ತದೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಅಂಥ ಹಣ್ಣನ್ನು ಉಳಿಸುತ್ತಿದ್ದೇವಲ್ಲ, ನಮ್ಮಿಂದ ಪರಿಸರಕ್ಕೆ ಒಳ್ಳೆಯದೇ ಆಗುತ್ತಿದೆ ಅಂತ ನಾನು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಲೆಕ್ಕ ಮಾತ್ರ ಹಾಕಿರಲಿಲ್ಲ.

ಹಾಕಿಸಿದ್ದು ಗಿರಾಕಿ. ನಮ್ಮ ಪುಡಿ ಕೊಳ್ಳುವ ಒಂದು ದೊಡ್ಡ ಕಂಪನಿಯಿಂದ ಒಂದು ದಿನ ಎಕ್ಸೆಲ್ ಶೀಟ್ ಬಂತು. ನಿಮ್ಮ ಕಾರ್ಬನ್ ಫುಟ್‌ಪ್ರಿಂಟ್, ಅಂದರೆ ನಿಮ್ಮ ಕೆಲಸದಿಂದ ಗಾಳಿಗೆ ಸೇರುವ, ಭೂಮಿ ಬಿಸಿ ಮಾಡುವ ಅನಿಲ ಎಷ್ಟು, ತುಂಬಿ ಕಳಿಸಿ ಅಂತ. ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಪರಿಸರದ ಲೆಕ್ಕವನ್ನೂ ಕೊಡಲೇಬೇಕು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿಯ ನಿಯಮ ಇದೆ. ತಮ್ಮ ಲೆಕ್ಕ ಮುಗಿದ ಮೇಲೆ ಅವರು ಸರಕು ಕೊಡುವವರ ಕಡೆ ತಿರುಗುತ್ತಾರೆ. ನರಸಾಪುರ, ವೇಮಗಲ್, ಮಾಲೂರಿನ ಫ್ಯಾಕ್ಟರಿಗಳಿಗೆ ಬಿಡಿಭಾಗ ಕೊಡುವವರು ಇಲ್ಲಿದ್ದೀರಿ. ಇವತ್ತಲ್ಲ ನಾಳೆ ನಿಮಗೂ ಆ ಶೀಟ್ ಬರುತ್ತದೆ.

ಒಬ್ಬ ಕನ್ಸಲ್ಟೆಂಟನ್ನು ಕೇಳಿದೆ. ಅವರು ಹೇಳಿದ ಫೀಸಿನಲ್ಲಿ ನಮ್ಮವರಿಗೆಲ್ಲ ಎರಡು ತಿಂಗಳ ಸಂಬಳ ಕೊಡಬಹುದಿತ್ತು. ನಮಸ್ಕಾರ ಹೇಳಿ ಫೋನ್ ಇಟ್ಟೆ. ಆ ಭಾನುವಾರ ನಾನು, ಲೆಕ್ಕಪತ್ರ ನೋಡುವ ಹುಡುಗಿ, ಒಂದು ಕ್ಯಾಲ್ಕುಲೇಟರ್, ನೆಲದ ಮೇಲೆ ಹರಡಿದ ಬಿಲ್ಲುಗಳು. ಅಷ್ಟೇ.

ವಿಧಾನ ಕಷ್ಟದ್ದಲ್ಲ. ಜಗತ್ತಿನ ಬಹಳಷ್ಟು ಕಂಪನಿಗಳು ಬಳಸುವುದು ಜಿಎಚ್‌ಜಿ (ಹಸಿರುಮನೆ ಅನಿಲ) ಪ್ರೊಟೊಕಾಲ್ ಅನ್ನುವ ಪದ್ಧತಿಯನ್ನು. 2001ರಲ್ಲಿ ಬಂದದ್ದು. ಅದರಲ್ಲಿ ಮೂರು ಬುಟ್ಟಿ. ನಮ್ಮ ಜಾಗದಲ್ಲಿ, ನಮ್ಮ ಗಾಡಿಯಲ್ಲಿ ನಾವೇ ಸುಡುವುದು, ನಾವೇ ಸೋರಿಸುವುದು ಸ್ಕೋಪ್ 1. ಕೊಂಡು ತಂದ ಕರೆಂಟ್ ಸ್ಕೋಪ್ 2. ರೈತರ ಹೊಲದಿಂದ ಹಿಡಿದು ಗಿರಾಕಿಯ ಬಾಗಿಲವರೆಗೆ ಮಿಕ್ಕಿದ್ದೆಲ್ಲ ಸ್ಕೋಪ್ 3.

ಕರೆಂಟಿಗೆ ಬೇರೆ ಬುಟ್ಟಿ ಯಾಕೆ ಅಂದರೆ ಹೊಗೆ ನಮ್ಮ ಕಣ್ಣಿಗೆ ಕಾಣಲ್ಲ. ನಮ್ಮ ಜಿಲ್ಲೆಗೆ ಇದು ಹಳೆಯ ಕಥೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ತಂತಿ ಎಳೆದು ಕರೆಂಟ್ ತಂದಿದ್ದರು. ಅದು ಬರೀ ನೀರಿನ ಕರೆಂಟ್. ಇವತ್ತು ನಮ್ಮ ಪ್ಲಗ್ಗಿಗೆ ಬರುವುದರಲ್ಲಿ ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಪಾವಗಡದ ಬಿಸಿಲು ಎಲ್ಲ ಸೇರಿಹೋಗಿದೆ. ಇಡೀ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಅಂಕಿ ಕೊಡುತ್ತದೆ. ಈಗ ಯೂನಿಟ್‌ಗೆ 0.7 ಕೆ.ಜಿ. ಆಸುಪಾಸು ಇದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಒಂದು ಕೆ.ಜಿ. ಎಲ್‌ಪಿಜಿಗೆ ಸುಮಾರು 3 ಕೆ.ಜಿ. ಈ ಮೂರು ಅಂಕಿ ಬರೆದುಕೊಳ್ಳಿ, ಅರ್ಧ ಕೆಲಸ ಮುಗಿದಂತೆ.

ನಮಗೆ ಬಂದ ಲೆಕ್ಕ ಕೇಳಿ. ವರ್ಷಕ್ಕೆ 38,000 ಯೂನಿಟ್ ಕರೆಂಟ್, ಹೆಚ್ಚುಕಮ್ಮಿ 27 ಟನ್. ಜನರೇಟರ್ ಮತ್ತು ಗಾಡಿಗೆ ಸೇರಿ 1,850 ಲೀಟರ್ ಡೀಸೆಲ್, 5 ಟನ್. ತಿಂಗಳಿಗೊಂದು ಕಮರ್ಷಿಯಲ್ ಸಿಲಿಂಡರ್, ಅದು ಮುಕ್ಕಾಲು ಟನ್ನೂ ಇಲ್ಲ. ಪರವಾಗಿಲ್ಲ ಅಂದುಕೊಂಡು ಬಿಲ್ಲುಗಳನ್ನು ಎತ್ತಿಡುತ್ತಿದ್ದೆ. ಆ ಹುಡುಗಿ ಎರಡು ಚೀಟಿ ಕೈಯಲ್ಲಿ ಹಿಡಿದುಕೊಂಡು, "ಸಾರ್, ಇವು ಯಾವ ಬುಟ್ಟಿಗೆ?" ಅಂದಳು.

ಕೋಲ್ಡ್ ರೂಮ್ ರಿಪೇರಿ ಬಿಲ್ಲುಗಳು. ಒಂದು ಏಪ್ರಿಲ್‌ನದು, ಒಂದು ಅಕ್ಟೋಬರ್‌ನದು. ಎರಡರಲ್ಲೂ "ಗ್ಯಾಸ್ ಚಾರ್ಜಿಂಗ್" ಅಂತ ಒಂದೇ ಸಾಲು, ಮುಂದೆ ದುಡ್ಡು. ಎಷ್ಟು ಕೆ.ಜಿ. ಅಂತ ಇಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಮೊದಲ ಸಲ ನಾಲ್ಕು ಕೆ.ಜಿ., ಆಮೇಲೆ ಮೂರು ಹಾಕಿದೆ ಸಾರ್. ಬೇಸಿಗೇಲಿ ಗ್ಯಾಸ್ ಖಾಲಿ ಆಗ್ತದೆ, ಎಲ್ಲರದ್ದೂ ಹಂಗೇ" ಅಂದ.

ಖಾಲಿ ಆಗುತ್ತದೆ. ಈ ಮಾತನ್ನು ನಾನೂ ಅಲ್ಲಿಯವರೆಗೆ ನಂಬಿದ್ದೆ. ಆದರೆ ಫ್ರಿಜ್ಜಿನ ಗ್ಯಾಸ್ ಡೀಸೆಲ್ ಥರ ಉರಿದು ಮುಗಿಯುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಡಿಮೆ ಆಯಿತು ಅಂದರೆ ಎಲ್ಲೋ ತೂತಾಗಿದೆ, ಗ್ಯಾಸ್ ಆಕಾಶಕ್ಕೆ ಹೋಗಿದೆ ಅಂತಲೇ ಅರ್ಥ.

ಹೊರಗಿನ ಯೂನಿಟ್ಟಿನ ಮೇಲೆ ಧೂಳು ಹಿಡಿದ ಒಂದು ತಗಡಿನ ಪಟ್ಟಿ ಇತ್ತು. ಒರೆಸಿ ನೋಡಿದರೆ ಆರ್-404ಎ ಅಂತ ಒಳಗಿನ ಗ್ಯಾಸಿನ ಹೆಸರು. ಅದು ಓಝೋನ್ ಪದರಕ್ಕೆ ತೊಂದರೆ ಕೊಡಲ್ಲ ನಿಜ. ಬಿಸಿ ಹಿಡಿದಿಡುವುದರಲ್ಲಿ ಮಾತ್ರ ರಾಕ್ಷಸ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕೆ.ಜಿ. ಸುಮಾರು 3,900 ಕೆ.ಜಿ. ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಅಂದರೆ ಒಂದೇ ಕೆ.ಜಿ. ಸೋರಿದರೆ ನಮ್ಮ ಗಾಡಿ ಬೆಂಗಳೂರಿಗೆ 150 ಸಲ ಹೋಗಿಬಂದಷ್ಟಾಯಿತು. ನಮ್ಮದು 7 ಕೆ.ಜಿ. ಗುಣಿಸಿದರೆ 27 ಟನ್. ವರ್ಷವಿಡೀ ಉರಿಸಿದ ಕರೆಂಟಿಗೆ ಎಷ್ಟೋ, ಸದ್ದಿಲ್ಲದೆ ಸೋರಿದ ಗ್ಯಾಸಿಗೂ ಅಷ್ಟೇ!

ಒಟ್ಟು 60 ಟನ್. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಆ ಎರಡು ಚೀಟಿಯಲ್ಲಿತ್ತು. ಅದಕ್ಕೂ ಹಿಂದಿನ ವಾರ ನಾನು ಎಲ್ಲರನ್ನೂ ಕೂರಿಸಿಕೊಂಡು ಲೈಟ್ ಆರಿಸಿ, ಫ್ಯಾನ್ ಆರಿಸಿ ಅಂತ ಅರ್ಧ ಗಂಟೆ ಭಾಷಣ ಮಾಡಿದ್ದೆ.

ಮಾರನೇ ದಿನ ಪಾತ್ರೆ ತೊಳೆಯುವ ಸೋಪನ್ನು ನೀರಲ್ಲಿ ಕಲಸಿ, ಒಂದು ಪೇಂಟ್ ಬ್ರಷ್ ತಗೊಂಡು ಪೈಪಿನ ಪ್ರತಿಯೊಂದು ಜಾಯಿಂಟಿಗೂ ಬಳಿದೆವು. ಮೊದಲ ಐದರಲ್ಲಿ ಏನೂ ಇಲ್ಲ. ಆರನೆಯದು ಗೋಡೆಯ ಹಿಂದೆ, ಕಂಪ್ರೆಸರ್ ಪಕ್ಕದಲ್ಲಿ. ಅಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ಕಂಪ್ರೆಸರ್ ನಡುಕಕ್ಕೆ ಫ್ಲೇರ್ ನಟ್ ಸಡಿಲವಾಗಿತ್ತು, ಪೈಪಿನ ಬಾಯಿ ಸೀಳಿತ್ತು. ಬೇರೆ ಮೆಕ್ಯಾನಿಕ್ಕನ್ನು ಕರೆಸಿ, ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರ್‌ಗೆ ಇಳಿಸಿಸಿ, ಜಾಯಿಂಟಿಗೆ ಬ್ರೇಜಿಂಗ್, ಅಂದರೆ ಬೆಸುಗೆ, ಹಾಕಿಸಿದೆವು. ಕಂಪ್ರೆಸರ್ ಕೆಳಗೆ ಹೊಸ ರಬ್ಬರ್ ಇಟ್ಟೆವು. ಒಂದು ಸಲ ಗ್ಯಾಸ್ ತುಂಬಿಸುವ ಖರ್ಚಿಗಿಂತ ಜಾಸ್ತಿ ಆಗಲಿಲ್ಲ. ಈಗ ಪ್ರತಿ ತಿಂಗಳ ಒಂದನೇ ತಾರೀಖು ಸೋಪು ಬಳಿಯುವ ದಿನ.

ಹೊಸದಾಗಿ ಕೋಲ್ಡ್ ರೂಮ್ ಹಾಕಿಸುವವರು ರೇಟು ಕೇಳುವ ಮೊದಲು ಗ್ಯಾಸ್ ಯಾವುದು ಅಂತ ಕೇಳಿ. ಆರ್-290 ಅಂದರೆ ಪ್ರೊಪೇನ್, ಬಿಸಿ ಹಿಡಿಯುವ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಆದರೆ ಹೊತ್ತಿಕೊಳ್ಳುವ ಗ್ಯಾಸ್. ಅದಕ್ಕೆಂದೇ ಮಾಡಿದ ಮೆಷಿನ್ ಬೇಕು, ಹಳೆಯದಕ್ಕೆ ತುಂಬಿಸಲು ಹೋಗಬೇಡಿ.

ಕರೆಂಟಿನಲ್ಲಿ ಎರಡು ಕೆಲಸ ಮಾಡಿದೆವು. ಕೋಲ್ಡ್ ರೂಮನ್ನು ಸುಮ್ನೆ 4 ಡಿಗ್ರಿಗೆ ಇಟ್ಟಿದ್ದೆವು, ತಂಪು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ. ಟೊಮೆಟೊಗೆ ಅಷ್ಟು ಚಳಿ ಆಗಲ್ಲ, ರುಚಿ ಸಾಯುತ್ತದೆ, ಮೈ ಮೆತ್ತಗಾಗುತ್ತದೆ. 12ಕ್ಕೆ ಏರಿಸಿದೆವು. ಹಣ್ಣೂ ಉಳಿಯಿತು, ಬಿಲ್ಲೂ ಇಳಿಯಿತು. ಎರಡನೆಯದು ಒಣಗಿಸುವುದು. ಟೊಮೆಟೊದಲ್ಲಿ ನೂರಕ್ಕೆ 94ರಷ್ಟು ನೀರೇ. ಒಂದು ಕೆ.ಜಿ. ನೀರು ಆವಿಯಾಗಲು ಕಡಿಮೆ ಅಂದರೂ 0.65 ಯೂನಿಟ್ ಬೇಕು. ನಾವು ಕೋಲಾರದ ಬಿಸಿಲಲ್ಲಿ ಕೂತು ಆ ಕೆಲಸವನ್ನೆಲ್ಲ ಹೀಟರ್‌ಗೆ ಕೊಟ್ಟಿದ್ದೆವು! ಈಗ ಅರ್ಧ ನೀರನ್ನು ಪಾಲಿಥೀನ್ ಹೊದಿಸಿದ ಸೋಲಾರ್ ಡ್ರೈಯರ್ ತೆಗೆಯುತ್ತದೆ, ಕೊನೆಯ ಒಣಗು ಮಾತ್ರ ಮೆಷಿನ್‌ಗೆ. ಮೋಡದ ದಿನ ಹಳೆಯ ದಾರಿಯೇ ಗತಿ.

ನೀರಿನ ಬಗ್ಗೆ ಒಂದು ಮಾತು. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ನೀರು ಎತ್ತಲು ಭೌತಶಾಸ್ತ್ರದ ಪ್ರಕಾರವೇ 0.8 ಯೂನಿಟ್ ಬೇಕು. ಪಂಪು, ಮೋಟಾರಿನ ನಷ್ಟ ಸೇರಿದರೆ ಅದು ಎರಡರ ಹತ್ತಿರ ಹೋಗುತ್ತದೆ. ಹೀಗಾಗಿ ನಮ್ಮಲ್ಲಿ ನೀರು ಚೆಲ್ಲಿದರೆ ಕರೆಂಟೂ ಚೆಲ್ಲಿದ ಹಾಗೆ. ಹಣ್ಣಿನ ಕೊನೆಯ ತೊಳೆತದ ನೀರನ್ನು ಮುಂದಿನ ಲೋಡಿನ ಮೊದಲ ತೊಳೆತಕ್ಕೆ ಬಳಸುತ್ತೇವೆ.

ಮುಂದಿನ ವರ್ಷದ ಲೆಕ್ಕ 26 ಟನ್ ಆಸುಪಾಸಿಗೆ ಬಂತು. ಗ್ಯಾಸ್ ತುಂಬಿಸಿದ್ದು ಸೊನ್ನೆ. ಆದರೆ ಒಂದು ಎಚ್ಚರ. ಹೊಸ ಕಂಪನಿ ಬೆಳೆಯುತ್ತಾ ಇರುತ್ತದೆ, ಒಟ್ಟು ಮೊತ್ತ ಏರಬಹುದು. ಒಂದು ಕೆ.ಜಿ. ಪುಡಿಗೆ ಎಷ್ಟು ಅಂತಲೂ ಬರೆದಿಡಿ. ಆ ಅಂಕಿ ಇಳಿಯಿತು ಅಂತ ಒಟ್ಟು ಮೊತ್ತವನ್ನು ಬಚ್ಚಿಡಬೇಡಿ, ಎರಡೂ ಪಕ್ಕಪಕ್ಕದಲ್ಲಿರಲಿ. ಗಿಡ ನೆಟ್ಟಿದ್ದನ್ನು ಇದರಲ್ಲಿ ಕಳೆಯಲೂ ಬೇಡಿ. ಗಿಡ ಖಂಡಿತ ನೆಡಿ, ನಾವೂ ಹೊಂಗೆ ನೆಟ್ಟಿದ್ದೇವೆ. ಎರಡರಲ್ಲಿ ಒಂದನ್ನು ಮೇಕೆ ತಿಂದಿತು.

ಸ್ಕೋಪ್ 3 ನಮ್ಮದಿನ್ನೂ ಅರೆಬರೆ. ಹೊಲಕ್ಕೆ ಹಾಕಿದ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 270 ಪಟ್ಟಿನಷ್ಟು ತೀಕ್ಷ್ಣ. ಎಕರೆಗೆ ಎಷ್ಟು ಮೂಟೆ ಹಾಕುತ್ತೀರಿ ಅಂತ ರೈತರನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಶುರು ಮಾಡಿದ್ದೇವೆ. "ಯಾಕಪ್ಪಾ, ಸಬ್ಸಿಡಿ ಏನಾದರೂ ಬರ್ತದಾ?" ಅಂತ ಕೇಳುತ್ತಾರೆ. ಇಲ್ಲ ಅಂದ ಮೇಲೂ ಹೇಳಿದವರು ಇದುವರೆಗೆ ಒಂಬತ್ತು ಜನ.

ಸರಿ, ಈಗ ಚೀಲ ಬಿಚ್ಚಿ. ಕಿಟಕಿ ಪಕ್ಕ ಮೂರು ಮೇಜು ಹಾಕಿದ್ದಾರೆ, ಕ್ಯಾಲ್ಕುಲೇಟರ್ ಇದೆ, ಕಾಫಿ ಬರುತ್ತಿದೆ. ಎಸಿ, ಕೋಲ್ಡ್ ರೂಮ್, ಹಾಲಿನ ಚಿಲ್ಲರ್ ಇರುವವರು ರಿಪೇರಿ ಬಿಲ್ಲು ಮೇಲೆ ಇಟ್ಟುಕೊಂಡು ಮೊದಲ ಮೇಜಿಗೆ ಬನ್ನಿ.