ಟಾರ್ಟಿಗೆ ಬಾದಾಮಿಯೇ ಏಕೆ, ಶೇಂಗಾ ಇಲ್ಲವೇ?

ನಮಸ್ಕಾರ. ಟಾರ್ಟ್, ಅಂದರೆ ಹಿಟ್ಟಿನ ಬಟ್ಟಲು ಬೇಯಿಸಿ ಹೂರಣ ತುಂಬುವ ತಿನಿಸು, ಕಲಿಸುವ ವಿಡಿಯೊಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಬೆಣ್ಣೆ ಕೋಣೆಯ ಉಷ್ಣಾಂಶದಲ್ಲಿರಲಿ. ಯಾರ ಮನೆಯ ಕೋಣೆ, ಸ್ವಾಮಿ? ಮೇ ತಿಂಗಳಿನಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಬೆಣ್ಣೆ 35ರ ಹೊತ್ತಿಗೇ ಕರಗಿ ನೀರಾಗುತ್ತದೆ.

ಇನ್ನೊಂದು ತಕರಾರು ಬಾದಾಮಿಯದು. ಆಸ್ಟ್ರಿಯಾದ ಲಿಂಝ್ ಊರಿನವರು ತಮ್ಮ ಟಾರ್ಟಿನ ಹಿಟ್ಟಿಗೆ ಬಾದಾಮಿ ಪುಡಿ ಹಾಕಲಿ, 1653ರ ಕೈಬರಹದಲ್ಲೇ ಅದರ ವಿಧಾನ ಇದೆಯಂತೆ, ಬೇಡ ಎನ್ನಲು ನಾನು ಯಾರು? ಆದರೆ ಶೇಂಗಾ ಹೋಳಿಗೆಯ ಊರಿನಲ್ಲಿ ಕುಳಿತು ನಾವೂ ಬಾದಾಮಿಗೇ ದುಡ್ಡು ಸುರಿಯಬೇಕೇ? ಶೇಂಗಾ ನಟ್ ಅಲ್ಲ, ದ್ವಿದಳ ಧಾನ್ಯ ಎನ್ನುವವರಿದ್ದಾರೆ. ಸರಿಯೇ. ಆದರೆ ಎರಡರಲ್ಲೂ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆ, ಹಿಟ್ಟಿಗೆ ಬೇಕಾದದ್ದು ಅದು.

ಕಾಡುವುದೂ ಆ ಎಣ್ಣೆಯೇ. ಶೇಂಗಾ ಹುರಿದು, ಸಿಪ್ಪೆ ಕೇರಿ, ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಮಿಕ್ಸರಿಗೆ ಹಾಕಿದರೆ ಮುದ್ದೆಯಾಗಿ ತಳಕ್ಕೆ ಅಂಟುತ್ತದೆ. ಸ್ವಲ್ಪ ಸಕ್ಕರೆ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಶೇಂಗಾ ಹಿಂಡಿ ಮಾಡುವ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮೈದಾ 150 ಗ್ರಾಂ, ಶೇಂಗಾ ಪುಡಿ 75, ಸಕ್ಕರೆ ಪುಡಿ 50, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆ 100. ಬೆರಳ ತುದಿಯಲ್ಲಿ ಉಜ್ಜಿ, ತಣ್ಣನೆಯ ಹಾಲು ಎರಡು ಚಮಚ ಹಾಕಿ ಒಂದುಗೂಡಿಸಿ. ನಾದಬೇಡಿ.

ಲಟ್ಟಿಸುವ ಹಠವೂ ಬೇಡ. ಶೇಂಗಾದಲ್ಲಿ ಗ್ಲುಟನ್, ಅಂದರೆ ಗೋಧಿ ಹಿಟ್ಟನ್ನು ಹರಿಯದಂತೆ ಹಿಡಿದಿಡುವ ಅಂಟು, ಇಲ್ಲ, ಎಳೆದರೆ ಹಿಟ್ಟು ಹರಿಯುತ್ತದೆ. ಜೋಳದ ಹಿಟ್ಟಿನಲ್ಲೂ ಅದು ಇಲ್ಲ, ಅದಕ್ಕೇ ತಾನೇ ನಾವು ರೊಟ್ಟಿಯನ್ನು ತಟ್ಟುವುದು? ಅದೇ ಕೈಯಿಂದ ಅಚ್ಚಿನೊಳಗೆ ಒತ್ತಿ. ಅಂಚು ಬಿರಿದರೆ ಹೆಬ್ಬೆರಳಿನಿಂದ ಮುಚ್ಚಿ. ಬಳಿಕ ಒಂದು ಗಂಟೆ ಫ್ರಿಜ್ಜಿನಲ್ಲಿಡಿ.

ಓವನ್ನಿನಲ್ಲಿ ತಳ ಉಬ್ಬಬಾರದೆಂದು ಬೆಣ್ಣೆ ಕಾಗದ ಹಾಸಿ ಮೇಲೆ ಭಾರ ಇಡುತ್ತಾರೆ. ನಾನು ತೊಗರಿ ಕಾಳು ತುಂಬುತ್ತೇನೆ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ತೊಗರಿಗೆ ಹೀಗೊಂದು ಕೆಲಸ! 170 ಡಿಗ್ರಿಯಲ್ಲಿ 15 ನಿಮಿಷ, ಕಾಳು ತೆಗೆದು ಇನ್ನೊಂದು ಹತ್ತು ನಿಮಿಷ, ಅಂಚು ಕೆಂಪಾಗುವವರೆಗೆ.

ಆ ಕಾಳು ಆಮೇಲೆ ಬೇಯುವುದಿಲ್ಲ, ಬೇರೆ ಡಬ್ಬಿಯಲ್ಲಿಡಿ. ನಾನು ಇಟ್ಟಿರಲಿಲ್ಲ. ಅವ್ವ ಅದನ್ನೇ ಕುಕ್ಕರಿಗೆ ಹಾಕಿ, ಎಂಟು ಸೀಟಿ ಆದ ಮೇಲೆ ಕಿರಾಣಿ ಅಂಗಡಿಯವನನ್ನು ಬೈಯುತ್ತಿದ್ದಳು.